ಹಲಸಿನ ಮೇಣದ ವಿಮಾನ

ವಿಮಾನವನ್ನು ಕಟ್ಟಿಯೇ ತೀರುತ್ತೇನೆ!

ನಲವತ್ತೇಳು ವರ್ಷ ವಯಸ್ಸಿನ, ಹಣೆಯ ತುಂಬ ವಿಭೂತಿ ಧರಿಸಿದ, ಹಳಗನ್ನಡದ ಸಮಾಸಗಳನ್ನಲ್ಲದೆ ಬೇರೇನನ್ನೂ ಬಿಡಿಸಿಯಾಗಲಿ ಜೋಡಿಸಿಯಾಗಲಿ ಅರಿಯದ ನಾನು, ಶಿಕಾರಿಪುರದ ಹೈಸ್ಕೂಲಿನ ಉಪಾಧ್ಯಾಯರ ಕೊಠಡಿಯಲ್ಲಿ ಆರು ಮಂದಿ ಸಾಕ್ಷಿಗಳ ಸಮ್ಮುಖದಲ್ಲಿ ಈ ಘೋರ ಪ್ರತಿಜ್ಞೆಯನ್ನು ಮಾಡಿದೆ. ಹೇವಿಳಂಬಿ ಸಂವತ್ಸರದ ಆಷಾಢ ಮಾಸ, ಶನಿವಾರ, ಮುಹೂರ್ತವನ್ನು ಯಾರೂ ನೋಡಿರಲಿಲ್ಲ. ನೋಡಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ.

ಕೆಣಕಿದವರು ವಿಜ್ಞಾನದ ಮೇಷ್ಟ್ರು ಪುಟ್ಟಪ್ಪನವರು.

"ಪಂಡಿತರೇ, ಪುಷ್ಪಕ ವಿಮಾನದ ಮೇಲೆ ಒಂದು ಗಂಟೆ ಪಾಠ ಮಾಡಿದ್ರಂತೆ. ಅದರ ಮೂತಿ ಯಾವ ಕಡೆ, ಬಾಲ ಯಾವ ಕಡೆ? ಹೇಳ್ರಿ ನೋಡೋಣ."

"ಅದು ಮನೋವೇಗದ ವಿಮಾನ. ಮೂತಿ ಬಾಲಗಳ ಹಂಗು ಅದಕ್ಕಿಲ್ಲ."

"ಹಂಗಂದ್ರೆ ನಿಮಗೆ ಗೊತ್ತಿಲ್ಲ ಅಂತಾಯ್ತು!"

ಕೊಠಡಿಯೆಲ್ಲ ನಕ್ಕಿತು. ಪುಟ್ಟಪ್ಪನವರು ತಮ್ಮ ಚೀಲದಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಮುಂಬಯಿಯಲ್ಲಿರುವ ಅವರ ತಮ್ಮ ಕಳುಹಿಸಿದ ಸೀಮೆಯ ಸರಕು. ಮೇಲೆ ಮೋಡಗಳ ನಡುವೆ ಬೆಂಕಿ ಉಗುಳುವ ಯುದ್ಧವಿಮಾನದ ಚಿತ್ರ. ಒಳಗೆ ಪ್ಲಾಸ್ಟಿಕ್ಕಿನ ಚೂರುಗಳು, ಅಂಟಿನ ಒಂದು ಟ್ಯೂಬು, ಬೆಳ್ಳಿಬಣ್ಣದ ಪುಟ್ಟ ಡಬ್ಬಿ.

"ಸೋಮವಾರದೊಳಗೆ ಕಟ್ಟಿ, ಬಣ್ಣ ಬಳಿದು ತರ್ರಿ. ಆಮೇಲೆ ಪುಷ್ಪಕದ ಮಾತಾಡೋಣ."

ಮುನ್ನೂರು ಓಲೆಗರಿಗಳ ಕಟ್ಟನ್ನು ಕ್ರಮಕ್ಕೆ ತಂದವನಿಗೆ ಮೂವತ್ತು ಚೂರುಗಳು ಯಾವ ಲೆಕ್ಕ! ಪೆಟ್ಟಿಗೆಯನ್ನು ಕಂಕುಳಲ್ಲಿರಿಸಿಕೊಂಡು, ಲಂಕೆಯನ್ನು ಗೆದ್ದವನಂತೆ ಮನೆಗೆ ನಡೆದೆ.

ಮನೆಯಾಕೆ ನೀಲಾಂಬಿಕೆ ಪೆಟ್ಟಿಗೆಯನ್ನೂ ನನ್ನನ್ನೂ ಒಂದೇ ಬಗೆಯ ಸಂಶಯದಿಂದ ನೋಡಿದಳು. ಅವಳ ತವರು ಸೊರಬದ ಕಡೆಯ ಉಳವಿ.

"ಎಂತ ಅದು?"

"ವಿಮಾನ."

"ನಾಳೆ ಶಿರಾಳಕೊಪ್ಪದಿಂದ ಮಠದವರು ಬರ್ತಾರೆ, ನೆನಪಿದ್ಯಾ? ಅವರು ಬಂದು ಹೋಗೋ ತನಕ ಅದನ್ನ ಅಟ್ಟಕ್ಕೆ ಹಾಕಿ."

ನೆನಪಿಲ್ಲದೆ ಏನು! ಹನ್ನೆರಡು ವರ್ಷಗಳಿಂದ ನಾನು ಕಾಯುತ್ತಿದ್ದ ದಿನವದು. ಶಿರಾಳಕೊಪ್ಪದ ಮಠದಲ್ಲಿ ಶ್ರಾವಣ ಮಾಸಪೂರ್ತಿ ಪ್ರವಚನ ನಡೆಯುತ್ತದೆ. ಹನ್ನೆರಡು ಶ್ರಾವಣಗಳನ್ನು ನಾನು ಮೊದಲ ಸಾಲಿನಲ್ಲಿ ಕುಳಿತು, ಪೀಠದಲ್ಲಿದ್ದವರ ತಪ್ಪುಗಳನ್ನು ಬೆರಳು ಮಡಿಸಿ ಎಣಿಸುವುದರಲ್ಲಿಯೇ ಕಳೆದಿದ್ದೆ. ಈ ಸಲ ಆ ಪೀಠಕ್ಕೆ ನನ್ನ ಹೆಸರು ಬಂದಿತ್ತು. ಭಾನುವಾರ ಮಧ್ಯಾಹ್ನ ಮಠದ ಮಹೇಶ್ವರಪ್ಪನವರೂ ಹಿರಿಯರಾದ ಉಚ್ಚಂಗಪ್ಪನವರೂ ನಮ್ಮ ಮನೆಗೆ ಬಂದು, ನನ್ನೊಡನೆ ಕುಳಿತು ಲಿಂಗಪೂಜೆ ಮಾಡಿ, ಪ್ರಸಾದ ಸ್ವೀಕರಿಸಿ, ಆಮೇಲೆ ತೀರ್ಮಾನವನ್ನು ತಿಳಿಸುವುದೆಂದು ನಿಶ್ಚಯವಾಗಿತ್ತು. ಮಹೇಶ್ವರಪ್ಪನವರು ಮೃದು. ಉಚ್ಚಂಗಪ್ಪನವರೋ, ಪ್ರವಚನದ ನಡುವೆ ಎರಡು ಸಲ ಆಕಳಿಸಿದರೆಂಬ ಕಾರಣಕ್ಕೆ ಒಬ್ಬ ಘನ ವಿದ್ವಾಂಸರ ನಿಷ್ಠೆಯನ್ನೇ ಶಂಕಿಸಿ ಮನೆಗೆ ಕಳುಹಿಸಿದವರು!

"ಅವರು ಬರುವುದು ಮಧ್ಯಾಹ್ನ. ವಿಮಾನವು ಬೆಳಗಿನ ಒಂಬತ್ತಕ್ಕೆ ಸಿದ್ಧ" ಎಂದೆ.

ಭಾನುವಾರ ಸ್ನಾನ ಮುಗಿಸಿ, ಪೂಜೆಯನ್ನು ಅತಿಥಿಗಳೊಡನೆ ಮಾಡುವುದೆಂದು ಉಳಿಸಿಕೊಂಡು, ಕೋಣೆಯ ಬಾಗಿಲು ಹಾಕಿ ಕುಳಿತೆ. ಚೂರುಗಳೆಲ್ಲವೂ ಒಂದು ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಎಲೆಗಳು ಬಳ್ಳಿಗೆ ಹತ್ತಿಕೊಂಡಂತೆ ಹತ್ತಿಕೊಂಡಿದ್ದವು. ಬಳ್ಳಿಯೇಕೆ? ಎಲ್ಲವನ್ನೂ ಪಟಪಟನೆ ಮುರಿದು ರಾಶಿ ಹಾಕಿದೆ. ಚೌಕಟ್ಟನ್ನು ಕಿಟಕಿಯಿಂದಾಚೆ ಎಸೆದೆ. ಆನಂತರ ಸೂಚನೆಯ ಹಾಳೆಯನ್ನು ತೆರೆದರೆ ಅದರಲ್ಲಿರುವುದು ಬರಿಯ ಅಂಕಿಗಳು! ಒಂದನೆಯದನ್ನು ಎರಡನೆಯದಕ್ಕೆ ಸೇರಿಸತಕ್ಕದ್ದು. ಏಳನೆಯದನ್ನು ಎಂಟರೊಳಗೆ ಇರಿಸತಕ್ಕದ್ದು. ಅಂಕಿಗಳೆಲ್ಲಿ? ಚೌಕಟ್ಟಿನ ಮೇಲೆ. ಚೌಕಟ್ಟೆಲ್ಲಿ? ಕಿಟಕಿಯ ಹೊರಗೆ ಹಸುವಿನ ಬಾಯಲ್ಲಿ.

ಇರಲಿ. ಪುಟಸಂಖ್ಯೆ ಅಳಿಸಿಹೋದ ಗ್ರಂಥಗಳನ್ನು ನಾನು ಓದಿಲ್ಲವೆ?

ಅಂಟಿನ ಟ್ಯೂಬನ್ನು ಬಿಚ್ಚಿದೆ. ಮೂಗಿಗೆ ತೀಕ್ಷ್ಣವಾದ, ಅಪರಿಚಿತವಾದ ವಾಸನೆ ಬಡಿಯಿತು. ಸಂಶಯವು ನನ್ನ ವೃತ್ತಿಧರ್ಮ. ಲಿಪಿಕಾರನು ಬರೆದ ಪ್ರತಿಯೊಂದಕ್ಷರವನ್ನೂ ತಪ್ಪಿರಬಹುದೆಂದೇ ಓದುವವನು ನಾನು. ಬಡಗಿಗಳ ವಜ್ರವೆಂಬ ಅಂಟನ್ನು ಚರ್ಮ ಮೂಳೆಗಳನ್ನು ಬೇಯಿಸಿ ತೆಗೆಯುತ್ತಾರೆಂದು ಕೇಳಿಬಲ್ಲೆ. ಸೀಮೆಯವರ ಈ ಅಂಟಿನಲ್ಲಿ ಯಾವ ಪ್ರಾಣಿಯ ಯಾವ ಮೂಳೆಯಿದೆಯೋ ಬಲ್ಲವರಾರು? ಲಿಂಗವನ್ನು ಮುಟ್ಟುವ ಕೈಯಿಂದ ಇದನ್ನು ಮುಟ್ಟುವುದೆ! ಶಿವ ಶಿವಾ! ಟ್ಯೂಬನ್ನು ಎರಡು ಬೆರಳಲ್ಲಿ ಹಿಡಿದು ಮೂಲೆಗೆಸೆದೆ.

ಆಗ ಬಾಗಿಲಾಚೆಯಿಂದ ಧ್ವನಿ: "ರೀ, ಎಂತದು ಘಾಟು? ಬಾಗಿಲು ಹಾಕ್ಕೊಂಡು ಎಂತ ಕುಡೀತಿದೀರಿ?"

"ಕುಡಿಯುವುದೆ? ನಾನೆ? ವಿಮಾನದ ಅಂಟು!"

"ಅಂಟಿಗೆ ಹೆಂಡದ ವಾಸನೆ ಯಾಕೆ ಬರುತ್ತೆ?"

"ಹೆಂಡದ ವಾಸನೆ ನಿನಗೆ ಹೇಗೆ ಗೊತ್ತು?"

"ಮಠದವರು ಬರಲಿ, ಅವರ ಮೂಗಿಗೂ ಗೊತ್ತಾಗುತ್ತೆ" ಎಂದು ಹೆಜ್ಜೆಗಳು ದೂರವಾದವು.

ಶುದ್ಧವಾದ, ಸಸ್ಯಮೂಲವಾದ, ಸಂಶಯಾತೀತವಾದ ಅಂಟು ಬೇಕು. ಥಟ್ಟನೆ ಹೊಳೆಯಿತು! ಹಲಸಿನ ಮೇಣ! ನೀಲಾಂಬಿಕೆ ಪ್ರತಿ ವರ್ಷ ತವರಿನಿಂದ ಹಲಸಿನ ಮೇಣವನ್ನು ಒಂದು ಕೋಲಿಗೆ ಸುತ್ತಿ ತರುತ್ತಾಳೆ. ಸೀಳಿದ ಮಡಕೆಗೆ, ಸೋರುವ ಕೊಡಕ್ಕೆ ಅದನ್ನು ಬಿಸಿಮಾಡಿ ಮೆತ್ತುತ್ತಾಳೆ. ಅವಳು ಹಿತ್ತಿಲಿಗೆ ಹೋದ ಸಮಯವನ್ನು ನೋಡಿ, ಅಡುಗೆಮನೆಯ ನಾಗಂದಿಗೆಯ ಹಲಗೆಯ ಮೇಲಿಂದ ಆ ಕೋಲನ್ನು ಅಪಹರಿಸಿ, ಕೆಂಡದ ಮೇಲೆ ಕರಗಿಸಿಕೊಂಡು ಬಂದೆ.

ಅಲ್ಲಿಂದ ಮುಂದಿನದು ಮಹಾಯುದ್ಧ. ಮೇಣವು ರೆಕ್ಕೆಗೆ ಹಚ್ಚಿದರೆ ಬೆರಳಿಗೆ ಹತ್ತುವುದು. ಬೆರಳಿನಿಂದ ಬಿಡಿಸಿದರೆ ಹೆಬ್ಬೆರಳಿಗೆ ಹತ್ತುವುದು. ರೆಕ್ಕೆಯೊಂದನ್ನು ಬಿಟ್ಟು ಸಕಲ ಚರಾಚರಗಳಿಗೂ ಹತ್ತುವುದು! ಒಡಲಿನ ಎರಡು ಹೋಳುಗಳನ್ನು ಒತ್ತಿ ಕೂಡಿಸಿದ ಮೇಲೆ, ಒಳಗೆ ಕೂರಬೇಕಾಗಿದ್ದ ಉಗುರಿನಷ್ಟು ಗಾತ್ರದ ವೈಮಾನಿಕನು ಹೊರಗೇ ಉಳಿದದ್ದು ಕಂಡಿತು. ಅವನ ಜತೆಗೆ ಇನ್ನೂ ಐದು ಚೂರುಗಳು ಉಳಿದವು. ಎಷ್ಟು ತಿರುಗಿಸಿದರೂ ಅವಕ್ಕೆ ಸ್ಥಾನವಿಲ್ಲ. ಬಹಳ ಪರಾಮರ್ಶಿಸಿ, ಈ ಆರೂ ಪ್ರಕ್ಷಿಪ್ತಗಳೆಂದು, ಮೂಲಕರ್ತನವಲ್ಲವೆಂದು ತೀರ್ಮಾನಿಸಿ ಬದಿಗಿರಿಸಿದೆ.

ಬೆಳ್ಳಿಬಣ್ಣವನ್ನು ಬಳಿಯತೊಡಗಿದಾಗ ಇನ್ನೊಂದು ತೊಡಕು. ಎದೆಯ ಮೇಲೆ ಶಿವದಾರದಲ್ಲಿ ತೂಗುವ ನನ್ನ ಕರಡಿಗೆಯು, ಇಷ್ಟಲಿಂಗವನ್ನೊಳಗೊಂಡ ಆ ಬೆಳ್ಳಿಯ ಸಂಪುಟವು, ನಾನು ಬಾಗಿದಾಗಲೆಲ್ಲ ವಿಮಾನದ ರೆಕ್ಕೆಗೆ ಬಡಿಯುತ್ತಿತ್ತು. ಬಡಿದಾಗಲೆಲ್ಲ ಅದನ್ನು ಭಕ್ತಿಯಿಂದ ಹಿಡಿದು ಪಕ್ಕಕ್ಕೆ ಸರಿಸುತ್ತಿದ್ದೆ. ಹಿಡಿದ ಕೈ ಯಾವುದೆಂಬುದನ್ನು ಮಾತ್ರ ನೋಡಲಿಲ್ಲ.

"ರೀ! ನನ್ನ ಮೇಣದ ಕೋಲು ಎಲ್ಲೋಯ್ತು?"

ಸತ್ಯವನ್ನು ನುಡಿಯಬಹುದಾಗಿತ್ತು. "ನಾನೇನು ಬಲ್ಲೆ!" ಎಂದುಬಿಟ್ಟೆ.

"ಹಂಗಾದ್ರೆ ಪಕ್ಕದ್ಮನೆ ಗುಡ್ಡಮ್ಮನೇ ಸೈ. ಬೆಳಿಗ್ಗೆ ಮಜ್ಜಿಗೆಗೆ ಅಂತ ಬಂದವಳು ನಾಗಂದಿಗೆ ಕಡೆನೇ ನೋಡ್ತಿದ್ಲು. ಕೇಳಿ ಬರ್ತೀನಿ."

ಕೇಳಿಯೂ ಬಂದಳು. ಗೋಡೆಯಾಚೆ ಗುಡ್ಡಮ್ಮನ ಕಂಠವು ಶಿಕಾರಿಪುರದ ಎಂಟು ದಿಕ್ಕುಗಳಿಗೂ ಕೇಳಿಸಿತು: "ನಿಮ್ಮನೆ ಹಲಸಿನ ಮೇಣ ನಾನ್ಯಾಕ ಕದೀಲವ್ವ? ನಿಮ್ಮ ಪಂಡಿತರನ್ನ ಕೇಳು! ಮುಂಜಾನಿಂದ ಕದ ಹಾಕ್ಕೊಂಡು ಏನ್ ನಡಿಸ್ಯಾರ?"

ಇಷ್ಟರಲ್ಲಿ ಬಾಗಿಲಲ್ಲಿ "ಶರಣು ಶರಣಾರ್ಥಿ!" ಎಂಬ ಧ್ವನಿ. ಮಠದವರು!

ಕೈಯನ್ನು ಸೀಗೆಪುಡಿ ಹಾಕಿ ತಿಕ್ಕಿಕೊಂಡೆ. ಮೇಣವು ಹೋಗಲಿಲ್ಲ, ಸೀಗೆಪುಡಿಯೂ ಅಲ್ಲಿಯೇ ನಿಂತಿತು. ಹೆಗಲ ಪಂಚೆಯನ್ನು ಎದೆಯ ಮೇಲೆ ಹೊದ್ದು ಹೊರಗೆ ಬಂದೆ. ಅತಿಥಿಗಳು ಕಾಲು ತೊಳೆದು ಒಳಗೆ ಬಂದರು. ಉಚ್ಚಂಗಪ್ಪನವರು ಗಾಳಿಯನ್ನೊಮ್ಮೆ ಮೂಸಿದರು. ಮೂಸುವುದೇ ಅವರ ಸಂಶಯದ ಮೊದಲ ಮೆಟ್ಟಿಲು.

ಮೂರು ಮಣೆಗಳು, ಮೂರು ತಟ್ಟೆಗಳಲ್ಲಿ ಪತ್ರೆ, ಹೂವು, ವಿಭೂತಿ. ಅವರಿಬ್ಬರೂ ಕರಡಿಗೆಗಳನ್ನು ತೆರೆದರು. ನಾನೂ ಪಂಚೆಯನ್ನು ಸರಿಸಿ, ಕಣ್ಣು ಮುಚ್ಚಿ, ಕರಡಿಗೆಯ ಮುಚ್ಚಳವನ್ನು ಎತ್ತಿದೆ.

ಅದು ಏಳಲಿಲ್ಲ.

ಮತ್ತೊಮ್ಮೆ ಎಳೆದೆ. ಕಣ್ಣು ತೆರೆದು ನೋಡಿದರೆ, ಮುಚ್ಚಳವೂ ಸಂಪುಟವೂ ಕೂಡುವ ಸಂದಿಯುದ್ದಕ್ಕೂ ಹಲಸಿನ ಮೇಣ ಮೆತ್ತಿ, ಅದರ ಮೇಲೆ ಸೀಮೆಯ ಬೆಳ್ಳಿಬಣ್ಣ ಒಣಗಿ, ಸಂದಿಯೆಂಬುದೇ ಇಲ್ಲವಾಗಿತ್ತು! ವಿಮಾನದ ಮೇಲೆ ಬೆಳಗಿನಿಂದ ಸಾಧಿಸಲಾಗದಿದ್ದ ಜೋಡಣೆಯು ನನ್ನ ಎದೆಯ ಮೇಲೆ ನಿರ್ದೋಷವಾಗಿ ಸಿದ್ಧಿಸಿತ್ತು.

ದೀಕ್ಷೆಯಾದ ದಿನದಿಂದ ಇಂದಿನವರೆಗೆ ಲಿಂಗಪೂಜೆಯಿಲ್ಲದೆ ನಾನು ಒಂದು ಗುಟುಕು ನೀರನ್ನೂ ಕುಡಿದವನಲ್ಲ. ಬೆವರು ಹಣೆಯ ವಿಭೂತಿಯನ್ನು ತೋಯಿಸಿತು.

"ಯಾಕ್ರೀ ಪಂಡಿತರೇ?" ಮಹೇಶ್ವರಪ್ಪನವರು ಕೇಳಿದರು.

"ಈ ದಿನ... ಮಾನಸ ಪೂಜೆಯ ಸಂಕಲ್ಪವಿದೆ. ಅದು ಅತ್ಯುನ್ನತವಾದದ್ದು. ತಾವು ನಡೆಸಿ."

ಉಚ್ಚಂಗಪ್ಪನವರ ಕೈಯಲ್ಲಿದ್ದ ಪತ್ರೆ ಅಲ್ಲಿಯೇ ನಿಂತಿತು. ಅವರು ನನ್ನ ಮುಖವನ್ನು ನೋಡಿದರು, ಎದೆಯನ್ನು ನೋಡಿದರು, ಬಣ್ಣ ಹತ್ತಿದ ಕೈಯನ್ನು ನೋಡಿದರು.

"ಪಂಡಿತರೇ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಒಳಗೆ ಲಿಂಗ ಐತೋ ಇಲ್ಲೋ?"

ಅಡುಗೆಮನೆಯಲ್ಲಿ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು.

ಈ ಪ್ರಶ್ನೆಯ ಭಾರವನ್ನು ಬಲ್ಲವರು ಬಲ್ಲರು. ಲಿಂಗವನ್ನು ಕಳೆದುಕೊಂಡವನಿಗೆ ಪೀಠವಿರಲಿ, ಪಂಕ್ತಿಯಲ್ಲಿ ಮಣೆಯೂ ಇಲ್ಲ. ನೀಲಾಂಬಿಕೆ ಬಾಗಿಲಲ್ಲಿ ನಿಂತು ಬಿಳಿಚಿದ್ದಳು. ನಾನು ಮೌನವಾಗಿದ್ದರೆ ಲಿಂಗವಿಲ್ಲದವನೆನಿಸುತ್ತೇನೆ. ಬಾಯಿ ತೆರೆದರೆ ಆಟಿಕೆ ಕಟ್ಟಿದ, ಮೇಣ ಕದ್ದ, ಹೆಂಡತಿಗೆ ಸುಳ್ಳಾಡಿದ ಪಂಡಿತನೆನಿಸುತ್ತೇನೆ. ಹನ್ನೆರಡು ವರ್ಷಗಳ ಆಸೆಗೆ ಮನಸ್ಸಿನಲ್ಲಿಯೇ ಕೈಮುಗಿದು ಎದ್ದುನಿಂತೆ.

"ಲಿಂಗವಿದೆ. ಮೇಣವೂ ಇದೆ" ಎಂದೆ. ಪುಷ್ಪಕದಿಂದ ಮೊದಲುಗೊಂಡು ಗುಡ್ಡಮ್ಮನವರೆಗೆ ಎಲ್ಲವನ್ನೂ ಹೇಳಿಬಿಟ್ಟೆ.

ಉಚ್ಚಂಗಪ್ಪನವರು ನಂಬಲಿಲ್ಲ. "ವಿಮಾನ ತೋರಿಸ್ರಿ!" ಎಂದರು.

ತಂದು ತೋರಿಸಿದೆ. ಮೂತಿಯ ಕಡೆ ಬಾಲವೂ ಬಾಲದ ಕಡೆ ಮೂತಿಯೂ ಇದ್ದ ಆ ಬೆಳ್ಳಿಯ ವಸ್ತುವನ್ನು ಅವರು ಕೈಗೆತ್ತಿಕೊಂಡು ಮೇಲೆ ಕೆಳಗೆ ತಿರುಗಿಸಿದರು.

"ಇದು ಕೂರಿಗೆ ಇದ್ದಂಗೈತಲ್ರಿ! ಬಿತ್ತಾಕ ಏನು?"

"ಹಾರಲು" ಎಂದೆ, ಸಣ್ಣ ಧ್ವನಿಯಲ್ಲಿ.

"ಹಾರೋದಿರ್ಲಿ" ಎಂದು ಅವರು ಅದನ್ನು ಕೆಳಗಿಡಹೋದರು. ವಿಮಾನವು ಅವರ ಅಂಗೈಯನ್ನು ಬಿಡಲಿಲ್ಲ! ಕೊಡವಿದರು, ರೆಕ್ಕೆಯೊಂದು ಕಳಚಿ ಅವರ ಬಿಳಿಯ ಮೀಸೆಯ ತುದಿಗೆ ಹತ್ತಿಕೊಂಡಿತು. ಮಹೇಶ್ವರಪ್ಪನವರು ಪಂಚೆಯ ಅಂಚನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆಗೆ ತಿರುಗಿದರು. ಅವರ ಭುಜಗಳು ಅಲುಗುತ್ತಿದ್ದವು.

"ಯಾರೂ ಎಳೀಬೇಡಿ!" ನೀಲಾಂಬಿಕೆ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಹಿಡಿದು ಬಂದಳು. "ಹಲಸಿನ ಮೇಣಕ್ಕೆ ಎಣ್ಣೆ ಅಂತ ನಮ್ಮ ಉಳವೀಲಿ ತೊಟ್ಟಿಲ ಕೂಸಿಗೂ ಗೊತ್ತು. ಇಷ್ಟು ಓದಿದಾರೆ, ಅದೊಂದು ಓದಲಿಲ್ಲ."

ಮೊದಲು ಹಿರಿಯರ ಅಂಗೈ, ಆಮೇಲೆ ಮೀಸೆ. ಕೊನೆಗೆ ನನ್ನ ಕರಡಿಗೆ. ಬೆಚ್ಚನೆಯ ಎಣ್ಣೆಯನ್ನು ಬಟ್ಟೆಯ ತುದಿಯಿಂದ ಸಂದಿಗೆ ಹಚ್ಚಿ, ಉಗುರಿನಿಂದ ಮೆಲ್ಲಗೆ ಬಿಡಿಸಿ, ಮುಚ್ಚಳವನ್ನು ತಾನು ಎತ್ತದೆ ಕೈ ಹಿಂದಕ್ಕೆ ತೆಗೆದಳು. ನಾನು ಎತ್ತಿದೆ. ತೆರೆಯಿತು. ಮಡಿವಸ್ತ್ರದೊಳಗೆ ನನ್ನ ಲಿಂಗವು ಎಂದಿನಂತೆ, ಯಾವ ಅಂಟೂ ಅಂಟದೆ ಇತ್ತು. ಕಣ್ಣು ಮಂಜಾಯಿತು, ಇದನ್ನು ನಗೆಯ ಬರಹದಲ್ಲಿ ಬರೆಯಲು ನಾಚಿಕೆಯಿಲ್ಲ.

ಪೂಜೆಯಾಗಿ, ಪ್ರಸಾದವಾಗುವ ಹೊತ್ತಿಗೆ ಗಂಟೆ ಮೂರು. ಎಲೆ ಅಡಿಕೆಯನ್ನು ಮುಂದಿಟ್ಟುಕೊಂಡು ಉಚ್ಚಂಗಪ್ಪನವರು ಗಂಟಲು ಸರಿಪಡಿಸಿಕೊಂಡರು.

"ಪಂಡಿತರ ನಿಷ್ಠೆ ಮ್ಯಾಲೆ ನನಗೀಗ ಸಂಶಯ ಇಲ್ಲ. ಮಾತಿನ ಮ್ಯಾಲೆ ಐತಿ. ಹೆಂಡ್ತಿಗೇ ಸುಳ್ಳು ಹೇಳಿದಾರ. ಸಾವಿರ ಜನಕ್ಕ ಸತ್ಯ ಹೆಂಗ ಹೇಳ್ತಾರ?" ಎಂದು ಅಡುಗೆಮನೆಯತ್ತ ತಿರುಗಿದರು. "ತಾಯೀ, ಮೋಸ ಆಗಿರಾದು ನಿಮಗ. ನೀವೇ ಹೇಳ್ರಿ. ಒಂದು ತಿಂಗಳು ಇವರನ್ನ ಶಿರಾಳಕೊಪ್ಪದ ಪೀಠದ ಮ್ಯಾಲೆ ಕೂರಿಸಬೋದೋ, ಬ್ಯಾಡೋ?"

ಹನ್ನೆರಡು ಶ್ರಾವಣಗಳು ಒಟ್ಟಾಗಿ ಅವಳ ಬಾಯನ್ನೇ ನೋಡಿದವು. ಅವಳು ಆತುರಪಡಲಿಲ್ಲ. ಮೇಣ ಹತ್ತಿದ ಬಾಗಿಲನ್ನು ನೋಡಿದಳು. ಬೆಳ್ಳಿಬಣ್ಣ ಚೆಲ್ಲಿದ ಚಾಪೆಯನ್ನು ನೋಡಿದಳು. ಗುಡ್ಡಮ್ಮನ ಗೋಡೆಯನ್ನು ನೋಡಿದಳು. ಕಡೆಗೆ ಸೆರಗನ್ನು ಸರಿಪಡಿಸಿಕೊಂಡು ವಿನಯದಿಂದ ಹೇಳಿದಳು:

"ಕರ್ಕೊಂಡು ಹೋಗಿ, ಅಪ್ಪಾರೇ. ಒಂದು ತಿಂಗಳಾದ್ರೂ ಮನೇಲಿ ಇಟ್ಟ ಸಾಮಾನು ಇಟ್ಟಲ್ಲೇ ಇರ್ತಾವೆ."