ಶಿರಾದ ಕುಲುಮೆಯಲ್ಲಿ ರಷ್ಯಾದ ನೆಂಟರು

ಕೊಡಲಿಗೆ ಕಾವು ಹಾಕಿಸುವುದೂ ಒಂದು ಕೆಲಸವೇ? ನಮ್ಮ ಹೊಸ ಮನೆಯ ಗೃಹಪ್ರವೇಶದ ಬೆಳಿಗ್ಗೆ ಹಾಗೆಂದುಕೊಂಡೇ ನಾನು ಕಳ್ಳಂಬೆಳ್ಳದಿಂದ ಶಿರಾಕ್ಕೆ ಬೈಕ್ ಹತ್ತಿದ್ದು. ಹತ್ತೂವರೆಗೆ ಮುಹೂರ್ತ. ಅಷ್ಟರೊಳಗೆ ಹಾಲು ಉಕ್ಕಬೇಕು, ಅದೂ ಸೌದೆ ಒಲೆಯ ಮೇಲೇ ಉಕ್ಕಬೇಕು ಎಂದು ನನ್ನ ಹೆಂಡತಿ ಜಯಮ್ಮನ ಹಟ. ಇದ್ದ ಸೌದೆಯೆಲ್ಲ ದಪ್ಪ ಜಾಲಿ ಕೊರಡು. ಇದ್ದ ಒಂದು ಕೊಡಲಿಯ ಮರದ ಕಾವು ಮುರಿದಿತ್ತು.

"ಪಾವಗಡದಿಂದ ನಮ್ಮೋರೆಲ್ಲ ಬಂದವ್ರೆ. ಅವರ ಮುಂದೆ ನನ್ನ ಮಾನ ಕಳೀಬ್ಯಾಡಿ. ಬ್ಯಾಗ ಬಂದ್ಬುಡಿ" ಎಂದಳು.

"ಬಂದೆ ಅಂತ್ಲೇ ತಿಳ್ಕೊ!" ಎಂದೆ.

ಎಡವಟ್ಟು ಹಿಂದಿನ ದಿನವೇ ಆಗಿತ್ತು. ಮೊಬೈಲಿನಲ್ಲಿ ಕೊಡಲಿಯ ಜಾತಕ ಓದಿಬಿಟ್ಟಿದ್ದೆ! ರಷ್ಯಾ, ಪೋಲೆಂಡ್ ಕಡೆಯ ಭಾಷೆಗಳಿಗೆಲ್ಲ ತಾಯಿಯಾದ ಹಳೆಯ ಸ್ಲಾವ್ ನುಡಿಯಲ್ಲಿ ಕೊಡಲಿಗೆ 'ತೊಪೊರು' ಎನ್ನುತ್ತಿದ್ದರಂತೆ. ಅದರ ಮಕ್ಕಳು ರಷ್ಯಾದಲ್ಲಿ ತಪೋರ್, ಪೋಲೆಂಡಿನಲ್ಲಿ ತೋಪೂರ್, ಬಲ್ಗೇರಿಯಾದಲ್ಲಿ ತೊಪೋರ್. ಆ ತೊಪೊರು ಕೂಡ ಇರಾನ್ ಕಡೆಯಿಂದ ಬಂದ ಸೊಸೆ, ಪಾರಸಿಯ 'ತಬರ್' ಅವಳ ತವರಿನ ಕಡೆಯದು ಎಂದು ಪಂಡಿತರ ಅಂದಾಜು.

ಕುಲುಮೆಯ ಬಾಷಾ ಸಾಬರು ಕಾವು ಕೂರಿಸುತ್ತಿದ್ದಾಗ ಸುಮ್ಮನಿರಲಾರದೆ ಕೇಳಿದೆ, "ನಿಮ್ಮಲ್ಲಿ ಇದಕ್ಕೇನಂತೀರಿ?"

"ಕುಲ್ಹಾಡಿ ಅಂತೀವಿ ಸಾರ್. ನಮ್ಮ ದಾದಾ, ಅಂದ್ರೆ ತಾತ, ಮಾತ್ರ ತಬರ್ ಅಂತಿದ್ರು."

ತಬರ್! ಶಿರಾದಲ್ಲಿ! ನನ್ನ ಮೈಯೆಲ್ಲ ಜುಮ್ಮೆಂದಿತು.

"ಸಾಬ್ರೇ, ನೀವು ರಷ್ಯಾದೋರಿಗೆ ನೆಂಟರು!" ಎಂದು ಮೊಬೈಲ್ ತೆಗೆದು ಅವರ ಬಾಯಿಗೆ ಹಿಡಿದೆ. ಅವರು ಪಾಪ, ಕೆಲಸ ಮುಗಿಸಲು ಸುತ್ತಿಗೆ ಎತ್ತಿದರು. "ಹೊಡೀಬೇಡಿ, ರೆಕಾರ್ಡಿಂಗ್ ಕೆಡುತ್ತೆ! ಇನ್ನೊಂದ್ಸಲ ತಬರ್ ಅನ್ನಿ!" ಹೀಗೆ ಹತ್ತು ಸಲ ಅನ್ನಿಸಿ ಗಡಿಯಾರ ನೋಡಿದರೆ ಒಂಬತ್ತು ಮುಕ್ಕಾಲು!

"ಸಾರ್, ಒಂಚೂರು ಕೆಲ್ಸ ಬಾಕಿ ಐತೆ..." ಎನ್ನುತ್ತಿದ್ದಂತೆಯೇ ಕೊಡಲಿ ಕಿತ್ತುಕೊಂಡು ಓಡಿದೆ.

ಮನೆ ಮುಟ್ಟಿದಾಗ ಮುಹೂರ್ತಕ್ಕೆ ಹದಿನೈದು ನಿಮಿಷವಿತ್ತು. ಬುದ್ಧಿವಂತರಾದರೆ ತೆಪ್ಪಗೆ ಸೌದೆ ಸೀಳುತ್ತಿದ್ದರು. ನಾನು ನೆರೆದ ಬಂಧುಬಳಗವನ್ನು ಉದ್ದೇಶಿಸಿ, ಏಟಿಗೊಂದು ದೇಶದಂತೆ ಉಪನ್ಯಾಸ ಆರಂಭಿಸಿದೆ.

"ರಷ್ಯಾದಲ್ಲಿ ತಪೋರ್!" ಕೊರಡಿಗೆ ಗೀರು ಬಿತ್ತು. "ಪೋಲೆಂಡಿನಲ್ಲಿ ತೋಪೂರ್!" ಇನ್ನೊಂದು ಗೀರು. "ಬಲ್ಗೇರಿಯಾದಲ್ಲಿ..." ಎಂದು ಎತ್ತಿದೆ ನೋಡಿ, ಕೈ ಹಗುರವಾಯಿತು. ಕೊಡಲಿ ಪುರೋಹಿತರ ನೆತ್ತಿಯ ಮೇಲಿಂದ ಹಾರಿ ಹೊಸ ಸಂಪಿನೊಳಗೆ ಗುಳುಂ! ನನ್ನ ಕೈಯಲ್ಲಿ ಬರೀ ಕಾವು.

ಜಯಮ್ಮನ ಕಣ್ಣಲ್ಲಿ ನೀರಾಡಿತು. ನಿಜಕ್ಕೂ ನನಗೆ ನಾಚಿಕೆಯಾಯಿತು. ಅವಳು ಸೆರಗು ಸಿಕ್ಕಿಸಿ ಪಕ್ಕದ ಮನೆಗೆ ಓಡಿ, ಮಡಿಲ ತುಂಬ ತೆಂಗಿನ ಚಿಪ್ಪು ತಂದು ಒಲೆಗೆ ಒಟ್ಟಿದಳು. ಮುಹೂರ್ತಕ್ಕೆ ಎರಡು ನಿಮಿಷ ಇರುವಾಗ ಹಾಲು ಉಕ್ಕಿತು! ಎಲ್ಲರೂ ಚಪ್ಪಾಳೆ ತಟ್ಟಿದರು. ಕಾವನ್ನು ಕಂಕುಳಲ್ಲಿ ಇರುಕಿಕೊಂಡು ನಾನೂ ತಟ್ಟಿದೆ.

ನನ್ನ ನಾದಿನಿ ರತ್ನ ಆ ಕಾವನ್ನು ಎಳೆದುಕೊಂಡು ತುದಿ ನೋಡಿದಳು. "ಅಯ್ಯೋ ಬಾವಾ, ಇದಕ್ಕೆ ಬೆಣೆನೇ ಹೊಡ್ಸಿಲ್ಲ! ಬಿಗಿಯಾಗಿ ಹೆಂಗೆ ನಿಂತಾತು? ಅದ್ಸರಿ, ಬೆಣೆಗೆ ರಷ್ಯಾದಾಗೆ ಏನಂತಾರೆ?"

ಹುಡುಕಿ ಹೇಳೋಣವೆಂದು ಜೇಬಿನಿಂದ ಮೊಬೈಲ್ ತೆಗೆದೆ.

ಜಯಮ್ಮ ನನ್ನ ಕೈಗೆ ಹಾಲಿನ ಲೋಟ ಕೊಟ್ಟು ಹೇಳಿದಳು, "ಅವರನ್ನ್ಯಾಕೆ ಕೇಳ್ತೀಯ ಬುಡೇ. ಬೆಣೆ ಅಂದ್ರೇನು ಅಂತ ಕನ್ನಡದಾಗೇ ಅವರಿಗೆ ಇವತ್ತು ಗೊತ್ತಾಗಿದ್ದು!"