ಕಾಕಾನ ಹೆಬ್ಬೆರಳು ಮತ್ತು ಹೆಸರು ಹೇಳಬಾರದ ಸೊಪ್ಪು

ನಮ್ಮ ಕಾಕಾನ ಬಲಗಾಲಿನ ಹೆಬ್ಬೆರಳು ಇಡೀ ಕಮರಿಪೇಟೆಯ ಸಾರ್ವಜನಿಕ ಆಸ್ತಿ. ಅದಕ್ಕೆ ಔಷಧ ಹೇಳುವ ಹಕ್ಕು ಓಣಿಯ ಎಲ್ಲರಿಗೂ ಉಂಟು, ಡಾಕ್ಟರಿಗೆ ಮಾತ್ರ ಇಲ್ಲ!

ಬಹಳ ವರ್ಷಗಳ ಸಕ್ಕರೆ ಕಾಯಿಲೆ. ಹೊಸ ಚಪ್ಪಲಿ ಕಚ್ಚಿ ಗಾಯವಾಯಿತು, ಮಾಯಲಿಲ್ಲ. ಉಣಕಲ್ಲಿನ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು: ದಿನ ಬಿಟ್ಟು ದಿನ ಬಂದು ಪಟ್ಟಿ ಕಟ್ಟಿಸಿಕೊಳ್ಳದಿದ್ದರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ. ಕಾಕಾ ತಲೆಯಾಡಿಸಿ ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

"ನೋವ ಇಲ್ಲೋ ತಮ್ಮಾ. ನೋವ ಇಲ್ಲಂದ್ರ ಗಾಯ ಮಾಯಾಕತ್ತೈತಿ ಅಂತನ ಅಲ್ಲೇನು?"

ಇಂಥ ತರ್ಕಕ್ಕೆ ನೀವಾದರೂ ಏನು ಹೇಳುತ್ತೀರಿ?

ಮೊದಲು ಬೇವಿನ ಎಲೆ, ಅರಿಶಿನದ ಸರದಿ. ಹೆಂಡತಿ, ಅಂದರೆ ನಮ್ಮ ಕಾಕು, ಅರೆದುಕೊಟ್ಟರು, ಕಾಕಾ ಮೆತ್ತಿಕೊಂಡರು. ಮೆತ್ತಿಕೊಂಡವರು ಒಂದು ಕಡೆ ಕೂರಬೇಕೋ ಬೇಡವೋ? ಪಡಸಾಲೆಯಿಂದ ಅಂಗಳದವರೆಗೆ ಹಳದಿ ಹೆಜ್ಜೆ. ಪಕ್ಕದ ಮನೆಯಾಕೆ, "ನಮಗ ಹೇಳದನ ಮದುವಿ ಇಟ್ಕೊಂಡೀರೇನ್ರಿ ಕಾಕು?" ಎಂದು ಮುನಿಸಿಕೊಂಡರು. ಆಮೇಲೆ ಜೇನುತುಪ್ಪ. ಕಾಕಾ ಊಟಕ್ಕೆ ಕುಳಿತರೆ ಇರುವೆಗಳೂ ಸಾಲಾಗಿ ಬಂದವು. ಕಚ್ಚಿದ್ದು ಇವರಿಗೆ ಗೊತ್ತೇ ಆಗಲಿಲ್ಲ, ಅದನ್ನೂ ಜೇನಿನ ಗುಣವೆಂದು ಹೊಗಳಿದರು!

ಕೊನೆಗೆ ಅಮ್ಮಿನಬಾವಿಯ ಅಜ್ಜನೊಬ್ಬ ಸೊಪ್ಪು ಕೊಡುತ್ತಾನೆಂಬ ಸುದ್ದಿ ಬಂತು. ಷರತ್ತು ಎರಡು: ತರುವಾಗ ಹಿಂದಿರುಗಿ ನೋಡಬಾರದು, ಹೆಸರನ್ನು ಯಾರಿಗೂ ಹೇಳಬಾರದು. ಪ್ರತಿ ಸೋಮವಾರ ಎರಡು ಬಸ್ಸು ಬದಲಿಸಿ, ಕತ್ತು ಅತ್ತಿತ್ತ ಆಡಿಸದೆ, ಮುಷ್ಟಿ ಬಿಗಿಹಿಡಿದು ತಂದದ್ದೇ ತಂದದ್ದು. ನಾಲ್ಕನೆಯ ವಾರ ಕಾಕು ಆ ಮುಷ್ಟಿ ಬಿಡಿಸಿ ನೋಡಿದರು.

"ಅಯ್ಯ, ಇದು ನಮ್ಮ ಬಚ್ಚಲದ ಹಿಂದ ಬೆಳದೈತಲ್ರಿ. ದಿನಾ ಕಿತ್ತು ಒಗಿತೇನಿ."

"ಸೊಪ್ಪು ಅದ ಇರಬಹುದು. ಕೊಟ್ಟವನ ಕೈಗುಣ ಬ್ಯಾರೆ."

ಬೆರಳ ತುದಿ ಕಪ್ಪಾದ ದಿನ ನನ್ನ ತಾಳ್ಮೆ ತಪ್ಪಿತು. ಕಾಕಾನನ್ನು ಆಟೋದಲ್ಲಿ ತುರುಕಿಕೊಂಡು ಉಣಕಲ್ಲಿಗೆ ಹೋದೆ. ದಾರಿಯುದ್ದಕ್ಕೂ ಬೈದೆ. ಅಲ್ಲಿ ಡಾಕ್ಟರಮ್ಮ, "ಏನ್ ಹಚ್ಚೀರಿ?" ಎಂದು ಕೇಳಿದರು.

"ಹೆಸರ ಹೇಳಿದ್ರ ಗುಣ ಹೋಗತೈತ್ರಿ."

ಆಕೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಗಾಯ ತೊಳೆದು, ಕಾಕಾಗೆ ಕಣ್ಣು ಮುಚ್ಚಿಸಿ, ಒಂದು ತೆಳುವಾದ ದಾರ ತೆಗೆದುಕೊಂಡರು. "ಪಾದಕ್ಕ ಮುಟ್ಟಿದ ಕೂಡ್ಲೆ ಹೂಂ ಅನ್ರಿ."

ದಾರ ಇನ್ನೂ ಗಾಳಿಯಲ್ಲಿತ್ತು, ಕಾಕಾ "ಹೂಂ" ಎಂದರು. ನನಗೆ ನಗು ಬಂತು. ಆದರೆ ದಾರ ಹಿಮ್ಮಡಿಗೆ ತಾಗಿತು, ಅಂಗಾಲಿಗೆ ತಾಗಿತು, ಬೆರಳುಗಳಿಗೆಲ್ಲ ತಾಗಿತು. ಕಾಕಾ ಸುಮ್ಮನೆ ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಂದಾಜಿನ ಮೇಲೆ ಮತ್ತೊಂದು "ಹೂಂ". ಪರೀಕ್ಷೆಯಲ್ಲಿ ನಪಾಸಾದರೆ ಕಾಲು ತೆಗೆಯುತ್ತಾರೆಂದು ಹೆದರಿದ್ದರು ಪುಣ್ಯಾತ್ಮ. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಡಾಕ್ಟರಮ್ಮ ನರ್ಸನ್ನು ಕರೆಯಲು ಎದ್ದು ಹೋದರು. ನಾನು ನೆಲದ ಮೇಲೆ ಕುಳಿತು, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ.

ಕಾಕಾ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು.

"ತಮ್ಮಾ," ಎಂದರು ಮೆಲ್ಲಗೆ, "ಅವರು ಇನ್ನೂ ಮುಟ್ಟವಲ್ಲರಲ್ಲೋ?"