ಇಪ್ಪತ್ತೈದು ಕುದುರೆಗಳನ್ನು ಮೆಲ್ಲಗೆ ಎಬ್ಬಿಸುವುದು

ಮೋಟಾರು ಕೊಂಡರೆ ಮೋಟಾರು ತಿರುಗುತ್ತದೆ ಎಂದು ನಂಬಿರುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ತಿರುಗುತ್ತಿರುವ ಮೋಟಾರಿನಷ್ಟು ಸಾಧುಪ್ರಾಣಿ ಇನ್ನೊಂದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತ ತನ್ನ ಪಾಡಿಗೆ ತಾನಿರುತ್ತದೆ. ನಿಂತ ಮೋಟಾರು ಅದಕ್ಕಿಂತಲೂ ಸಾಧು. ರಗಳೆಯೆಲ್ಲ ಇರುವುದು ನಿಂತದ್ದು ಎದ್ದು ಓಡತೊಡಗುವ ಆ ಹತ್ತು ಸೆಕೆಂಡಿನಲ್ಲಿ. ಓಡುವಾಗ ಎಳೆಯುವ ಕರೆಂಟಿನ ಐದಾರು ಪಟ್ಟನ್ನು ಅದು ಏಳುವಾಗ ಎಳೆಯುತ್ತದೆ. ನಾವು ಕೆಲವರು ಹಾಸಿಗೆಯಿಂದ ಎದ್ದ ಕೂಡಲೇ ಕಾಫಿ ಎಲ್ಲಿ, ಪೇಪರೆಲ್ಲಿ, ಚಪ್ಪಲಿ ಎಲ್ಲಿ ಎಂದು ಮನೆಯನ್ನೆಲ್ಲ ಅಲ್ಲಾಡಿಸುತ್ತೇವಲ್ಲ, ಹಾಗೆ. ಈಗ ಮೋಟಾರನ್ನು ನವಿರಾಗಿ ಎಬ್ಬಿಸುವ ಸಾಫ್ಟ್ ಸ್ಟಾರ್ಟರ್ ಎಂಬ ಎಲೆಕ್ಟ್ರಾನಿಕ್ ಡಬ್ಬಿಗಳು ಬಂದಿವೆ. ಎಪ್ಪತ್ತರ ದಶಕದ ಹಿರಿಯೂರಿನಲ್ಲಿ ಅಂಥ ಡಬ್ಬಿ ಇರಲಿಲ್ಲ. ನಾನಿದ್ದೆ.

ಚಿತ್ರದುರ್ಗದಲ್ಲಿ ವೈರಿಂಗ್ ಕೆಲಸ ಕಲಿತು, ಒಂದು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿಕೊಂಡು, ಹಿರಿಯೂರಿನ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿಗೆ ಬಂದು ಸೇರಿದ್ದೆ. ಮಿಲ್ಲಿನ ಮಾಲೀಕರು ಚನ್ನಬಸಪ್ಪನವರು. ಬೆಳಗ್ಗೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಮಿಲ್ಲಿನ ಕಟ್ಟೆಯ ಮೇಲೆ ಕುಳಿತರೆಂದರೆ, ಊರವರ ಪಾಲಿಗೆ ಮಿಲ್ಲು ಶುರುವಾದಂತೆಯೇ. ಹಳೆಯ ಡೀಸೆಲ್ ಇಂಜಿನ್ನು ಕೆಮ್ಮಿ ಕೆಮ್ಮಿ ಕೈಕೊಟ್ಟಾಗ, ಇಪ್ಪತ್ತೈದು ಕುದುರೆ ಶಕ್ತಿಯ ಮೋಟಾರು ಹಾಕಿಸಿ ಎಂದು ಅವರ ಬೆನ್ನು ಹತ್ತಿದವನು ನಾನೇ. ಇಂಜಿನ್ನು ನೋಡಿಕೊಳ್ಳುತ್ತಿದ್ದ ಈರಣ್ಣ ಯಲ್ಲದಕೆರೆಯವನು. ಮನೆತನದ ಕಸುಬು ಕುರಿ ಕಾಯುವುದು. ತಮ್ಮಂದಿರು ಈಗಲೂ ಹಿಂಡಿನ ಹಿಂದೆ. ಹನ್ನೆರಡು ವರ್ಷ ಇಂಜಿನ್ನಿನ ಜೊತೆ ಬಾಳಿದ್ದರಿಂದ ಅವನಿಗೆ ಮೋಟಾರೆಂದರೆ ಸವತಿಯ ಮಗನ ಹಾಗೆ. ಅದನ್ನು ಒಮ್ಮೆ ಸುತ್ತಿ ಬಂದು, "ಹೊಗೆ ಇಲ್ಲ, ಸದ್ದಿಲ್ಲ. ಇದು ಬದುಕೈತೋ ಸತ್ತೈತೋ ತಿಳಿಯೋದು ಹೆಂಗೆ ಸಾಮಿ?" ಎಂದ. ನಾನು ಸರ್ಟಿಫಿಕೇಟಿನ ನಗು ನಕ್ಕೆ.

ಬದುಕಿದೆ ಎನ್ನುವುದು ಮೊದಲ ದಿನವೇ ತಿಳಿಯಿತು. ಮೋಟಾರಿನ ಜೊತೆ ಬಂದಿದ್ದ ನೇರ ಸ್ಟಾರ್ಟರಿನ ಹಸಿರು ಗುಂಡಿಯನ್ನು ಸಾಹುಕಾರರ ಕೈಯಿಂದಲೇ ಒತ್ತಿಸಿದೆ. ಮೋಟಾರು ಹುಂಕರಿಸಿತು, ಬೆಲ್ಟು ಪಟಾರೆಂದಿತು, ಮಿಲ್ಲಿನ ದೀಪಗಳು ಕೆಂಪಗಾಗಿ ಮತ್ತೆ ಬೆಳ್ಳಗಾದವು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಬಾಗಿಲಲ್ಲಿ ಗೌರಮ್ಮ ನಿಂತಿದ್ದರು. ಮೈ ಮೇಲೆಲ್ಲ ಹಿಟ್ಟು, ಕೈಯಲ್ಲೊಂದು ಮೊರ, ಮೊರದಲ್ಲಿ ಅತ್ತ ರಾಗಿಯೂ ಅಲ್ಲದ ಇತ್ತ ಹಿಟ್ಟೂ ಅಲ್ಲದ ಪದಾರ್ಥ. ನಮ್ಮ ಮಿಲ್ಲಿನ ಹಿಂದಿನ ಬೀದಿಯಲ್ಲಿ ಗಂಡ ಬಿಟ್ಟುಹೋಗಿದ್ದ ಹಿಟ್ಟಿನ ಗಿರಣಿಯನ್ನು ಒಬ್ಬರೇ ನಡೆಸುತ್ತಿದ್ದ ಹೆಂಗಸು. ಇಬ್ಬರದೂ ಒಂದೇ ಲೈನು. ನಮ್ಮ ಮೋಟಾರು ಎದ್ದ ಕೂಡಲೇ ಲೈನಿನಲ್ಲಿ ಶಕ್ತಿ ಕುಸಿದು, ಅವರ ಸ್ಟಾರ್ಟರು ಖಟ್ಟೆಂದು ಬಿದ್ದು, ಗಿರಣಿ ನಿಂತು, ಕಲ್ಲುಗಳ ನಡುವೆ ರಾಗಿ ಸಿಕ್ಕಿಕೊಂಡಿತ್ತು. "ಇದನ್ನ ನಿಮ್ಮ ಇಂಜಿನಿಯರ್ರಿಗೆ ಮುದ್ದೆ ಮಾಡಿ ಉಣ್ಣಿಸ್ರಿ" ಎಂದು ಮೊರವನ್ನು ಸಾಹುಕಾರರ ಮುಂದಿಟ್ಟು ಹೋದರು.

ಅವರು ಅಷ್ಟಕ್ಕೇ ಬಿಡಲಿಲ್ಲ. ಆ ವಾರ ನನ್ನ ಹೆಂಡತಿ ಶಾರದೆ ಹಿಟ್ಟು ಮಾಡಿಸಲೆಂದು ಹೋದರೆ, ರಾಗಿ ಚೀಲ ಹೋದ ಹಾಗೆಯೇ ವಾಪಸು ಬಂತು. ನಮ್ಮ ಮನೆಯ ಕಾಳನ್ನು ಆ ಗಿರಣಿಯಲ್ಲಿ ಬೀಸುವುದಿಲ್ಲವಂತೆ. ಬೇರೆ ಗಿರಣಿಗೆ ಹೋಗಬೇಕೆಂದರೆ ಊರಿನ ಆ ತುದಿಗೆ ಹೋಗಬೇಕು. ನಮ್ಮ ಮನೆಯಲ್ಲಿ ಅನ್ನ ಶುರುವಾಯಿತು. ಮೂರು ಹೊತ್ತೂ ಅನ್ನ. ನಾಲ್ಕನೆಯ ದಿನ ನಾನು ಮುದ್ದೆಯ ಮಾತೆತ್ತಿದ್ದಕ್ಕೆ ಶಾರದೆ, "ಮುದ್ದೆ ಬೇಕಂದ್ರೆ ನಿಮ್ಮ ಮೋಟ್ರಿಗೆ ಬುದ್ಧಿ ಹೇಳ್ರಿ. ನನಗ್ಯಾಕೆ ಹೇಳ್ತೀರಿ?" ಎಂದಳು. ಅನ್ಯಾಯದ ಮಾತೇನಲ್ಲ. ಆದರೆ ಹಸಿದವನಿಗೆ ನ್ಯಾಯದ ಮಾತೇ ಹೆಚ್ಚು ಉರಿಯುತ್ತದೆ.

ಗೌರಮ್ಮನ ದೂರು ಕರೆಂಟ್ ಆಫೀಸಿಗೂ ಹೋಯಿತು. ಅಲ್ಲಿಂದ ಬಂದ ಅಧಿಕಾರಿ ನಮ್ಮ ಗುಂಡಿಯನ್ನು ತಾವೇ ಒಂದು ಸಲ ಒತ್ತಿ, ದೀಪ ಕೆಂಪಗಾದದ್ದನ್ನು ನೋಡಿ, ಹದಿನೈದು ದಿನದಲ್ಲಿ ಸರಿಯಾದ ಸ್ಟಾರ್ಟರ್ ಹಾಕದಿದ್ದರೆ ಲೈನು ಕತ್ತರಿಸುವುದಾಗಿ ಬರೆದು ಕೊಟ್ಟರು. ಕಡಲೆಕಾಯಿ ಸುಗ್ಗಿ ಆಗತಾನೆ ಶುರುವಾಗಿತ್ತು. ಅಂಗಳದಲ್ಲಿ ಕಾಯಿ ಆರಿಸಲು ಹದಿನೆಂಟು ಹೆಣ್ಣುಮಕ್ಕಳು ಬರುತ್ತಿದ್ದರು. ಮಿಲ್ಲು ನಿಂತರೆ ಅವರೂ ಮನೆಯಲ್ಲಿ ಕೂರಬೇಕು. ಅವರು ಕೆಲಸ ಮಾಡುತ್ತಲೇ ನನ್ನ ಕಡೆ ನೋಡುವ ನೋಟ ದಿನದಿನಕ್ಕೆ ಬದಲಾಗುತ್ತ ಬಂತು.

ಸಾಹುಕಾರರಿಗೆ ವಿಷಯ ವಿವರಿಸುವುದು ಇನ್ನೊಂದು ಪಾಡು. "ಮೋಟ್ರು ತಂದಾತಲ್ಲಪ್ಪ, ಮತ್ತೆ ಅದನ್ನ ಎಬ್ಬಿಸಾಕೆ ಬೇರೆ ಡಬ್ಬಿ ಯಾಕೆ?" ಎಂದರು.

"ಈಗಿರೋದು ನೇರವಾಗಿ ಎಬ್ಬಿಸುತ್ತೆ ಸಾಹುಕಾರ್ರೇ. ಮೆಲ್ಲಗೆ ಎಬ್ಬಿಸೋದು ಬೇಕು."

"ಮೆಲ್ಲಗೆ ಎಬ್ಬಿಸಾಕೆ ಅದೇನು ಬಾಣಂತಿಯೇನು?"

ಹೇಗೋ ಒಪ್ಪಿಸಿ ಚಿತ್ರದುರ್ಗದ ಬಸ್ಸು ಹತ್ತಿದೆ. ಅಂಗಡಿಯವನು ನನ್ನನ್ನು ನೋಡಿದ ಕೂಡಲೇ ಕುರ್ಚಿ ಎಳೆದು, ಟೀ ತರಿಸಿ, ಕ್ಯಾಟಲಾಗು ಹರಡಿದ. ಒಂದು, ಸ್ಟಾರ್ ಡೆಲ್ಟಾ ಎಂಬುದು: ಕಬ್ಬಿಣದ ಪೆಟ್ಟಿಗೆ, ಒಳಗೆ ಎಣ್ಣೆ, ಪಕ್ಕದಲ್ಲಿ ಹಿಡಿ. ಹಿಡಿಯನ್ನು ಮೊದಲು ಸ್ಟಾರಿಗೆ ತಳ್ಳಿದರೆ ಮೋಟಾರಿಗೆ ಅರೆಹೊಟ್ಟೆ ಕರೆಂಟು. ಅದು ವೇಗ ಹಿಡಿದ ಮೇಲೆ ಡೆಲ್ಟಾಕ್ಕೆ ಎಳೆದರೆ ತುಂಬು ಊಟ. ಇನ್ನೊಂದು, ಸ್ಲಿಪ್ ರಿಂಗ್ ಎಂಬ ಬೇರೆಯದೇ ಜಾತಿಯ ಮೋಟಾರು ಮತ್ತು ಅದರ ಜೊತೆಗಾರ ಸ್ಟಾರ್ಟರು. ಅದು ಹೊರೆಯನ್ನು ಹೊತ್ತುಕೊಂಡೇ ಮೆಲ್ಲಗೆ ಏಳಬಲ್ಲದು. ಆದರೆ ಹೊಸ ಮೋಟಾರಿನ ಮಾತನ್ನು ಸಾಹುಕಾರರ ಮುಂದೆ ಎತ್ತುವ ಧೈರ್ಯ ನನಗಿರಲಿಲ್ಲ. "ಎಷ್ಟು ಕುದುರೆ?" ಎಂದು ಅಂಗಡಿಯವನು ಕೇಳಿದ. ಇಪ್ಪತ್ತೈದು ಎಂದೆ. "ಏಳೋವಾಗ ಮೋಟ್ರಿನ ಮೇಲೆ ಹೊರೆ ಏನೈತಿ?" ಎಂದೂ ಕೇಳಿದ. ಅದು ಕೇಳಬೇಕಾದ ಪ್ರಶ್ನೆ, ನಿಜ. ಆದರೆ ಗಿರಾಕಿಯ ಮುಂದೆ ಇಂಜಿನಿಯರ್ ಯಾರು ಎಂಬುದು ಇತ್ಯರ್ಥವಾಗಬೇಕಲ್ಲ. "ಅದೆಲ್ಲ ನಾನು ನೋಡ್ಕೊಂಡಿದ್ದೀನಿ, ಸ್ಟಾರ್ ಡೆಲ್ಟಾ ಕೊಡ್ರಿ" ಎಂದೆ. ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು, ದಾರಿಯುದ್ದಕ್ಕೂ ಹಿಡಿ ತಾಗಿ ಮೊಣಕಾಲು ಕೆತ್ತಿಸಿಕೊಂಡು ಊರಿಗೆ ತಂದೆ.

ಹಾಕಿದೆವು. ಹಿಡಿಯನ್ನು ಈರಣ್ಣನ ಕೈಗೆ ಕೊಟ್ಟು, "ಸ್ಟಾರಿಗೆ ತಳ್ಳಿ ಹತ್ತು ಎಣಿಸು, ಆಮೇಲೆ ಡೆಲ್ಟಾಕ್ಕೆ ಎಳಿ" ಎಂದೆ. ತಳ್ಳಿದ. ಮೋಟಾರು ಮ್ ಎಂದಿತು. ಹತ್ತಾಯಿತು. ಮೋಟಾರು ಇನ್ನೂ ಮ್ ಎನ್ನುತ್ತಲೇ ಇತ್ತು, ಅರ್ಧ ಸುತ್ತು ಹೋಗಿ ನಿಂತು ನಮ್ಮನ್ನೇ ನೋಡುತ್ತಿತ್ತು. ಡೆಲ್ಟಾಕ್ಕೆ ಎಳೆದ. ಹುಂಕಾರ, ಪಟಾರ್, ಕೆಂಪು ದೀಪ. ಹಿಂದಿನ ಬೀದಿಯಿಂದ ಗೌರಮ್ಮನ ದನಿ.

ನಾನು ಈರಣ್ಣನ ಮೇಲೆ ಹರಿಹಾಯ್ದೆ. ಅವನು ಬೇಗ ಎಣಿಸಿದನೆಂದು ವಾದ. ಮರುದಿನ ಇಪ್ಪತ್ತು ಎಣಿಸಿದ. ಮೋಟಾರು ಬಿಸಿಯಾಗಿ ವಾಸನೆ ಬಂತೇ ಹೊರತು ಏಳಲಿಲ್ಲ. ತಡವಾಗಿ ಎಣಿಸಿದನೆಂದು ಬೈದೆ. ಮೂರನೆಯ ದಿನ ನಾನೇ ಹಿಡಿ ಹಿಡಿದೆ; ಅದೇ ಹುಂಕಾರ. ಹಿಡಿಯೇ ಸರಿಯಿಲ್ಲವೆಂದು ಬೈದೆ. ಎಣ್ಣೆ, ವೈರು, ಲೈನು, ಅಂಗಡಿಯವನು, ಒಬ್ಬರನ್ನೂ ಬಿಡದೆ ಬೈದೆ. ಈರಣ್ಣ ಮಾತ್ರ ಏನೋ ಹೇಳಲು ಬಾಯಿ ತೆರೆಯುವುದು, ನನ್ನ ಮುಖ ನೋಡಿ ಮುಚ್ಚುವುದು ಮಾಡುತ್ತಿದ್ದ.

ಅಧಿಕಾರಿ ಕೊಟ್ಟ ಗಡುವಿಗೆ ಮೂರು ದಿನ ಉಳಿದಿದ್ದಾಗ, ಇನ್ನು ಕಾಲು ಹಿಡಿಯುವುದೊಂದೇ ದಾರಿ ಎಂದು ಗೌರಮ್ಮನ ಗಿರಣಿಗೆ ಹೋದೆ. ಮೋಟಾರು ಎಬ್ಬಿಸುವ ಮುಂಚೆ ಹೇಳಿ ಕಳಿಸುತ್ತೇವೆ, ಆ ಒಂದು ನಿಮಿಷ ಗಿರಣಿ ನಿಲ್ಲಿಸಿಕೊಳ್ಳಿ ಎಂದು ಕೇಳುವುದು ನನ್ನ ಯೋಜನೆ. "ಬರ್ರಿ, ಕುಂತ್ಕಳ್ರಿ" ಎಂದು ಗೋಣಿಚೀಲ ಹೊದಿಸಿದ್ದ ಒಂದು ದುಂಡನೆಯ ಪೀಠ ತೋರಿಸಿದರು. ಕುಳಿತೆ. ಕಬ್ಬಿಣದ್ದು, ತಣ್ಣಗಿತ್ತು. ನನ್ನ ಯೋಜನೆಯನ್ನೆಲ್ಲ ಕೇಳಿ, "ಅಂದ್ರೆ ನಿಮ್ಮ ಮೋಟ್ರು ಎದ್ದೇಳ್ತೈತೆ ಅಂತ ನನ್ನ ಮೋಟ್ರು ಎದ್ದು ನಿಂತು ಕೈ ಮುಗೀಬೇಕೇನು?" ಎಂದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನಂಗೇನು ನಿಮ್ಮ ಮ್ಯಾಲೆ ಹಗೆ ಇಲ್ಲ ಸಾಮಿ. ದಿನಕ್ಕೆ ನಾಕು ಸಲ ಕಲ್ಲೆತ್ತಿ ಕ್ಲೀನ್ ಮಾಡಬೇಕು. ಈ ಕೈ ನೋಡ್ರಿ" ಎಂದು ಅಂಗೈ ಚಾಚಿದರು. ಬೊಬ್ಬೆಗಳು ಒಡೆದು ಹಿಟ್ಟು ಮೆತ್ತಿಕೊಂಡಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ. ಹದಿನೈದು ದಿನದಿಂದ ನಾನು ಮುದ್ದೆಯ ಚಿಂತೆಯಲ್ಲಿದ್ದೆ.

ಮಿಲ್ಲಿಗೆ ಬಂದು ಸುಮ್ಮನೆ ಕುಳಿತೆ. ಬೈಯಲು ಯಾರೂ ಉಳಿದಿರಲಿಲ್ಲ. ಈರಣ್ಣ ಹತ್ತಿರ ಬಂದ. "ಒಂದ್ ಮಾತು ಹೇಳ್ಲಾ ಸಾಮಿ? ಬೈಬಾರ್ದು."

"ಹೇಳಪ್ಪ."

"ಹೊರೆ ಹೊತ್ತ ಎತ್ತು ಕೂತ್ಬಿಟ್ರೆ ಹೊರೆ ಇಳಿಸಿ ಎಬ್ಬಿಸ್ತೀವಿ. ನೀವು ಗಾಣದ ತುಂಬ ಕಾಯಿ ತುಂಬ್ಕಂಡು ಏಳು ಏಳು ಅಂತೀರಿ. ಅರೆಹೊಟ್ಟೇಲಿ ಅದೆಂಗೆ ಏಳ್ತೈತೆ? ಇಂಜಿನ್ನಿದ್ದಾಗ ಶಾಫ್ಟಿಗೆ ಎರಡು ಪುಲ್ಲಿ ಇದ್ವಲ್ಲ, ಒಂದು ಬಿಗಿ, ಒಂದು ಸಡಿಲ. ಬೆಲ್ಟನ್ನ ಸಡಿಲ ಪುಲ್ಲಿ ಮ್ಯಾಲೆ ಹಾಕಿ ಇಂಜಿನ್ ಎಬ್ಬಿಸ್ತಿದ್ದೆ. ಪುಲ್ಲಿ ಬರೀ ಸುಮ್ನೆ ತಿರುಗೋದು, ಹೊರೆ ಇಲ್ಲ. ಇಂಜಿನ್ ಜೋರಾದ ಮ್ಯಾಲೆ ಕೋಲಿಂದ ಬೆಲ್ಟನ್ನ ಬಿಗಿ ಪುಲ್ಲಿಗೆ ಮೆಲ್ಲಗೆ ಜರುಗಿಸ್ತಿದ್ದೆ."

ಇಷ್ಟು ಹೊತ್ತೂ ನಿಮಗೆ ಹೇಳದೆ ಉಳಿಸಿಕೊಂಡಿದ್ದೊಂದು ಸಂಗತಿಯಿದೆ. ಮೋಟಾರು ಕೂರಿಸಿದ ದಿನ, "ಇದಕ್ಕೆ ಸ್ವಿಚ್ಚಿದೆ, ಇನ್ನು ಈ ಓಬೀರಾಯನ ಕಾಲದ ಸಾಮಾನು ಯಾಕೆ?" ಎಂದು ಆ ಸಡಿಲ ಪುಲ್ಲಿಯನ್ನು ಬಿಚ್ಚಿಸಿ ಹಿಂದಿನ ಗೋಡೆಯಾಚೆ ಎಸೆಸಿದವನು ನಾನೇ.

"ಈಗ ಅದು ಎಲ್ಲಿ ಸಿಗುತ್ತೆ ಈರಣ್ಣ?"

"ಸಿಗೋದೇನು, ಈಗ ಅದ್ರ ಮ್ಯಾಲೆ ಕುಂತು ಬಂದ್ರಲ್ಲ ಸಾಮಿ. ಗೌರಮ್ಮಾರು ಉರುಳಿಸ್ಕಂಡು ಹೋಗಿ ಗಿರಾಕಿಗಳು ಕುಂದ್ರಾಕೆ ಹಾಕ್ಕಂಡಾರೆ."

ಒಂದೇ ಗಂಟೆಯಲ್ಲಿ ಎರಡನೆಯ ಸಲ ಗೌರಮ್ಮನ ಬಾಗಿಲಿಗೆ ಹೋದೆ. ಈ ಸಲ ಕುಳಿತುಕೊಳ್ಳಲಿಲ್ಲ. ಅವರು ನನ್ನ ಕಥೆ ಕೇಳಿ, ಗೋಣಿಚೀಲ ತೆಗೆದು ಪುಲ್ಲಿಯನ್ನು ನೋಡಿ, ನನ್ನನ್ನು ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗು ನಿಂತ ಮೇಲೆ, "ತಗಂಡೋಗ್ರಿ. ಆದ್ರೆ ಗಿರಾಕಿಗಳು ಕುಂದ್ರಾಕೆ ಒಂದು ಬೆಂಚು ಹಾಕಿಸ್ಕೊಡಬೇಕು" ಎಂದರು. ಒಪ್ಪಿದೆ. ಸಿಂಹಾಸನ ಕೇಳಿದ್ದರೂ ಒಪ್ಪುತ್ತಿದ್ದೆ. ನಾನೂ ಈರಣ್ಣನೂ ಆ ಪುಲ್ಲಿಯನ್ನು ಬೀದಿಯಲ್ಲಿ ಉರುಳಿಸಿಕೊಂಡು ಬರುವಾಗ, ಹೋಟೆಲಿನ ಮುಂದೆ ನಿಂತಿದ್ದವರೊಬ್ಬರು, "ಏನ್ರೀ ಇಂಜಿನಿಯರ್ರೇ, ಒಂದು ಗಾಲಿ ಬಂತು, ಬಂಡಿ ಎಲ್ಲಿ ಬಿಟ್ರಿ?" ಎಂದು ಕೇಳಿದರು. ನಾನು ತಲೆ ತಗ್ಗಿಸಿ ಉರುಳಿಸುತ್ತಲೇ ಹೋದೆ.

ಮರುದಿನ ಬೆಲ್ಟನ್ನು ಸಡಿಲ ಪುಲ್ಲಿಯ ಮೇಲೆ ಹಾಕಿ ಹಿಡಿಯನ್ನು ಸ್ಟಾರಿಗೆ ತಳ್ಳಿದೆವು. ಏಳು ಎಣಿಸುವಷ್ಟರಲ್ಲಿ ಮೋಟಾರು ವೇಗ ಹಿಡಿಯಿತು. ಡೆಲ್ಟಾ. ದೀಪ ಕಣ್ಣು ಮಿಟುಕಿಸಿತು, ಅಷ್ಟೇ. ಈರಣ್ಣ ಕೋಲು ಹಿಡಿದು, ಮರಿಯನ್ನು ತಾಯಿಯ ಕಡೆಗೆ ದೂಡುವವನ ಹಾಗೆ, ಬೆಲ್ಟನ್ನು ಬಿಗಿ ಪುಲ್ಲಿಗೆ ಜರುಗಿಸಿದ. ಗಾಣ ತಿರುಗಿತು. ನಾವೆಲ್ಲ ಹಿಂದಿನ ಬೀದಿಗೆ ಕಿವಿ ಕೊಟ್ಟೆವು. ಗೌರಮ್ಮನ ಗಿರಣಿ ಟಕ್ ಟಕ್ ಎನ್ನುತ್ತಲೇ ಇತ್ತು. ಅಂಗಳದ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ "ಅಂತೂ ಆತು ನೋಡವ್ವ" ಎಂದಳು. ಅಧಿಕಾರಿ ಬಂದು ನೋಡಿ ತಲೆಯಾಡಿಸಿ ಹೋದರು. ಸಂಜೆ ಮನೆಯಲ್ಲಿ ಮುದ್ದೆ.

ಕತೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಹೆಚ್ಚು ಕಡಿಮೆ ಉಳಿಯುತ್ತಿತ್ತು. ಆದರೆ ಸಾಹುಕಾರರು ಬಂದ ನೆಂಟರಿಗೆಲ್ಲ, "ನಮ್ಮ ಇಂಜಿನಿಯರ್ ಆರಿಸಿ ತಂದ ಡಬ್ಬಿ ನೋಡ್ರಿ" ಎಂದು ಸ್ಟಾರ್ಟರನ್ನು ತೋರಿಸತೊಡಗಿದರು. ಹೊಸದುರ್ಗದಲ್ಲಿ ಮಿಲ್ಲು ಹಾಕಿದ್ದ ಅವರ ಬೀಗರೊಬ್ಬರು, ತಮ್ಮ ಮೋಟಾರಿಗೂ ಇದೇ ರೋಗವೆಂದು ನನ್ನ ಸಲಹೆ ಕೇಳಲು ಬಂದರು. ನಾನು ಅವರನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಸ್ಟಾರು, ಡೆಲ್ಟಾ, ಕರೆಂಟು ಎಂದು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಪುಲ್ಲಿಯ ಮಾತು, ಏಕೋ, ಬರಲಿಲ್ಲ. ಕ್ಯಾಟಲಾಗು ತರಲೆಂದು ಒಳಗೆ ಹೋಗಿ ಬಂದಾಗ ಅವರು ಈರಣ್ಣನ ಪಕ್ಕ ನಿಂತು ಶಾಫ್ಟಿನ ಕಡೆ ನೋಡುತ್ತಿದ್ದರು. ನಾನು ಬಂದದ್ದನ್ನು ಅವರು ಗಮನಿಸಲಿಲ್ಲ.

ಮುಂದಿನ ಸೋಮವಾರ ಹೊಸದುರ್ಗದಿಂದ ಕಾರು ಬಂತು. ಒಗೆದ ಅಂಗಿ ತೊಟ್ಟು, ಸ್ಪ್ಯಾನರುಗಳ ಚೀಲ ಹಿಡಿದು, ಕ್ಯಾಟಲಾಗನ್ನು ಕಂಕುಳಲ್ಲಿಟ್ಟುಕೊಂಡು ನಾನು ಬಾಗಿಲಲ್ಲೇ ಕಾಯುತ್ತಿದ್ದೆ. ಡ್ರೈವರು ಇಳಿದು ಕೈ ಮುಗಿದ.

"ಈರಣ್ಣಾರು ಅಂದ್ರೆ ನೀವೇ ಏನ್ರೀ? ಸಾವ್ಕಾರ್ರು ಕರ್ಕಂಡ್ ಬಾ ಅಂದ್ರು."

ನಾನು ಒಳಗಿದ್ದ ಈರಣ್ಣನ ಕಡೆ ಬೆರಳು ತೋರಿಸಿದೆ. ಅವನು ಕೈಯ ಎಣ್ಣೆ ಒರೆಸಿಕೊಂಡು, ಬೆಲ್ಟು ಜರುಗಿಸುವ ಕೋಲನ್ನೊಮ್ಮೆ ನೋಡಿ, ಅದನ್ನೂ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕುಳಿತ. ಕಾರು ಹೊರಡಲಿಲ್ಲ. ಈರಣ್ಣ ಕಿಟಕಿಯಿಂದ ತಲೆ ಹೊರಹಾಕಿ, "ಹಿಂದೆ ಜಾಗ ಐತೆ, ನೀವೂ ಬರ್ರಿ ಸಾಮಿ. ಆ ಚೀಲ ಹಿಡ್ಕಳಾಕೆ ಒಬ್ಬರು ಬೇಕಾಗ್ತೈತೆ" ಎಂದ.

ಹೋದೆ.